ಚಲಿಸುವ ಮೆಟ್ಟಿಲ ಕೆಳಗೆ

ಲಂಡನ್ನಿಗೆ ಹೋಗಿಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳುವುದು ವಾಡಿಕೆ. ಥೇಮ್ಸ್ ನದಿಯ ಸೇತುವೆಗಳು, ಅರಮನೆ, ಗ್ರಂಥಾಲಯ, ವಸ್ತುಸಂಗ್ರಹಾಲಯ ಎಂದು ಒಂದು ಪಟ್ಟಿಯನ್ನು ಒಪ್ಪಿಸಿ ಸುಮ್ಮನಾಗಬಹುದು. ನಾನೂ ಅವನ್ನೆಲ್ಲ ನೋಡಿದೆ, ಸಂತೋಷಪಟ್ಟೆ. ಆದರೆ ಊರಿಗೆ ಮರಳಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಇವು ಯಾವುವೂ ಅಲ್ಲ. ಆ ನಗರದ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಬೆಳಗಿನಿಂದ ನಡುರಾತ್ರಿಯವರೆಗೆ ನಿಲ್ಲದೆ ಮೇಲೇರುವ, ಕೆಳಗಿಳಿಯುವ ಮೆಟ್ಟಿಲುಗಳು ಉಳಿದವು. ಎಸ್ಕಲೇಟರ್ ಎಂಬ ಹೆಸರಿನಿಂದ ಈಗ ನಮ್ಮ ಊರುಗಳ ಮಕ್ಕಳಿಗೂ ಪರಿಚಿತವಾಗಿರುವ ಈ ಯಂತ್ರದ ವಿಷಯದಲ್ಲಿ ಬರೆಯುವುದಕ್ಕೆ ಏನಿದೆ ಎಂದು ಓದುಗರು ಕೇಳಬಹುದು. ಇದೆ ಎಂದು ನನಗೆ ತೋರಿದ್ದರಿಂದಲೇ ಈ ಬರಹ.

ನಾವು ಉಳಿದುಕೊಂಡಿದ್ದ ಬಂಧುಗಳ ಮನೆ ಏಂಜೆಲ್ ಎಂಬ ನಿಲ್ದಾಣಕ್ಕೆ ಹತ್ತಿರವಿತ್ತು. ಹಿಂದೆ ಅಲ್ಲಿದ್ದ ಒಂದು ಛತ್ರದ ಹೆಸರೇ ಆ ಬಡಾವಣೆಗೂ ನಿಲ್ದಾಣಕ್ಕೂ ಬಂದಿತಂತೆ. ಲಂಡನ್ನಿನ ಭೂಗತ ರೈಲುಮಾರ್ಗದಲ್ಲಿ ಅತ್ಯಂತ ಉದ್ದವಾದ ಚಲಿಸುವ ಮೆಟ್ಟಿಲು ಇರುವುದು ಇಲ್ಲಿಯೇ. 1992ರಲ್ಲಿ ನಿಲ್ದಾಣವನ್ನು ಹೊಸದಾಗಿ ಕಟ್ಟಿದಾಗ ಅದನ್ನು ಅಳವಡಿಸಿದರು. ಅದರ ಉದ್ದ 60 ಮೀಟರು, ಏರುವ ಎತ್ತರ 27.5 ಮೀಟರು. ಎಂದರೆ ಒಂಬತ್ತು ಅಂತಸ್ತಿನ ಕಟ್ಟಡದಷ್ಟು ಆಳಕ್ಕೆ ಅದು ಮನುಷ್ಯನನ್ನು ನಿಂತಲ್ಲಿಯೇ ಇಳಿಸುತ್ತದೆ. ಮೊದಲ ದಿನ ಅದರ ತಲೆಯ ಬಳಿ ನಿಂತು ಕೆಳಗೆ ನೋಡಿದ ನನ್ನ ಧರ್ಮಪತ್ನಿ ಸೀರೆಯ ನಿರಿಗೆಗಳನ್ನು ಎರಡೂ ಕೈಗಳಿಂದ ಎತ್ತಿ ಹಿಡಿದು, ‘ಇದು ಬಾವಿಯಲ್ಲವೆ?’ ಎಂದಳು. ಹಿಂದೆ ಜನ ಒತ್ತಿ ಬರುತ್ತಿದ್ದರು. ಮಂಡಿನೋವಿನ ಅವಳಿಗೆ ಹೆಜ್ಜೆ ಎತ್ತಿಡಲು ಧೈರ್ಯವಾಗಲಿಲ್ಲ. ಕೊನೆಗೆ ಬಂಧುಗಳ ಮನೆಯ ಎಂಟು ವರ್ಷದ ಹುಡುಗ ಅವಳ ಕೈಹಿಡಿದು, ‘ಅಜ್ಜಿ, ಹಳದಿ ಗೆರೆಯನ್ನು ನೋಡಬೇಡಿ, ನನ್ನನ್ನು ನೋಡಿ’ ಎಂದು ಹೇಳಿ ಕರೆದೊಯ್ದ. ಇಳಿಯುವುದಕ್ಕೆ ಒಂದೂಕಾಲು ನಿಮಿಷಕ್ಕೂ ಮಿಕ್ಕಿ ಹಿಡಿಯಿತು. ಅಷ್ಟು ಹೊತ್ತೂ ನನ್ನ ಮನಸ್ಸಿನಲ್ಲಿದ್ದುದು ಒಂದೇ ಪ್ರಶ್ನೆ: ಇಷ್ಟೊಂದು ಜನರ ಭಾರವನ್ನು ಹೊತ್ತು ಇದು ಹೇಗೆ ನಡೆಯುತ್ತದೆ? ಇದರ ಕೆಳಗೆ ಏನಿದೆ?

ಈ ಮೆಟ್ಟಿಲುಗಳು ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಲಂಡನ್ನಿನಲ್ಲಿ ಭೂಗತ ರೈಲು 1863ರಷ್ಟು ಹಿಂದೆಯೇ ಓಡತೊಡಗಿತು. ಆಗ ಅದು ನೆಲಮಟ್ಟದಿಂದ ಸ್ವಲ್ಪವೇ ಕೆಳಗಿತ್ತು, ಉಗಿಯಂತ್ರದಿಂದ ಓಡುತ್ತಿತ್ತು. 1890ರಲ್ಲಿ ವಿದ್ಯುಚ್ಛಕ್ತಿಯ ರೈಲು ಬಂದಾಗ ಸುರಂಗಗಳು ಬಹಳ ಆಳಕ್ಕೆ ಇಳಿದವು. ಪ್ರಯಾಣಿಕರನ್ನು ಅಷ್ಟು ಆಳಕ್ಕೆ ಒಯ್ಯಲು ಲಿಫ್ಟುಗಳಿದ್ದವು. ಆದರೆ ಲಿಫ್ಟಿಗೆ ಒಂದು ಮಿತಿಯುಂಟು. ಅದು ಒಂದು ಗುಂಪನ್ನು ಕೊಂಡೊಯ್ಯುವಾಗ ಇನ್ನೊಂದು ಗುಂಪು ಕಾಯುತ್ತಲೇ ಇರಬೇಕು. ರೈಲು ಬಂದಂತೆಲ್ಲ ನೂರಾರು ಜನ ಒಮ್ಮೆಗೇ ಇಳಿಯುವ ಸ್ಥಳದಲ್ಲಿ ಬೇಕಾದದ್ದು ಕಾಯಿಸದ ವಾಹನ, ಹೊಳೆಯ ನೀರಿನಂತೆ ಸತತವಾಗಿ ಹರಿಯುವಂಥದ್ದು. 1911ರ ಅಕ್ಟೋಬರ್ 4ರಂದು ಅರ್ಲ್ಸ್ ಕೋರ್ಟ್ ನಿಲ್ದಾಣದಲ್ಲಿ ಮೊದಲ ಎರಡು ಚಲಿಸುವ ಮೆಟ್ಟಿಲುಗಳು ಕೆಲಸಕ್ಕೆ ತೊಡಗಿದವು. ಜನರ ಭಯವನ್ನು ಬಿಡಿಸಲು ಒಂಟಿಕಾಲಿನವನೊಬ್ಬನನ್ನು ದಿನವಿಡೀ ಅದರ ಮೇಲೆ ಏರಿಳಿಯುವಂತೆ ಮಾಡಿದ್ದರೆಂಬ ಕತೆ ಇಂದಿಗೂ ಅಲ್ಲಿ ಪ್ರಚಲಿತವಾಗಿದೆ. ಅದು ನಿಜವೋ ದಂತಕತೆಯೋ, ಭಯವಂತೂ ನಿಜವಾದದ್ದೇ ಇರಬೇಕು. 1898ರಲ್ಲಿ ಅದೇ ನಗರದ ಹ್ಯಾರಡ್ಸ್ ಅಂಗಡಿಯಲ್ಲಿ ಮೆಟ್ಟಿಲುಗಳಿಲ್ಲದ ಚಲಿಸುವ ಪಟ್ಟಿಯೊಂದನ್ನು ಇಟ್ಟಾಗ, ಮೇಲೆ ತಲುಪಿದವರ ಎದೆಗುಂದುವಿಕೆಯನ್ನು ನಿವಾರಿಸಲು ಬ್ರಾಂದಿಯನ್ನು ಕೊಡುತ್ತಿದ್ದರಂತೆ. ನೂರಾರು ವರ್ಷ ಸಮುದ್ರವನ್ನಾಳಿದ ಜನಾಂಗಕ್ಕೂ ಕಾಲ ಕೆಳಗಿನ ಮೆಟ್ಟಿಲು ಸರಿದಾಗ ಕೈಕಾಲು ನಡುಗಿತ್ತೆಂದು ತಿಳಿದು ನನ್ನ ಪತ್ನಿಗೆ ಸಮಾಧಾನವಾಯಿತು.

ಇನ್ನು ಅದರ ರಚನೆ. ನೋಡುವವರಿಗೆ ಅದು ಒಂದು ಮೆಟ್ಟಿಲಸಾಲು. ವಾಸ್ತವದಲ್ಲಿ ಅದೊಂದು ಕೊನೆಯಿಲ್ಲದ ಮಾಲೆ. ಎರಡು ಬದಿಗಳಲ್ಲೂ ಉಕ್ಕಿನ ಸರಪಳಿ. ಆ ಸರಪಳಿಗೆ ಕಟ್ಟಿದ ಒಂದೊಂದು ಮೆಟ್ಟಿಲೂ ನಾಲ್ಕು ಗಾಲಿಗಳ ಒಂದು ಪುಟ್ಟ ಬಂಡಿ. ಎರಡು ಗಾಲಿಗಳು ಒಂದು ಜೊತೆ ಹಳಿಯ ಮೇಲೂ ಉಳಿದೆರಡು ಇನ್ನೊಂದು ಜೊತೆ ಹಳಿಯ ಮೇಲೂ ಉರುಳುತ್ತವೆ. ಇಳಿಜಾರಿನಲ್ಲಿ ಈ ಹಳಿಗಳ ನಡುವಣ ಅಂತರವು ಮೆಟ್ಟಿಲಿನ ಮೇಲ್ಮೈ ಸಮವಾಗಿರುವಂತೆ ನೋಡಿಕೊಳ್ಳುತ್ತದೆ. ಮೇಲೂ ಕೆಳಗೂ ತುದಿಯನ್ನು ಸಮೀಪಿಸಿದಂತೆ ಆ ಅಂತರ ಬದಲಾಗಿ, ಮೆಟ್ಟಿಲುಗಳು ಒಂದಕ್ಕೊಂದು ಮಟ್ಟವಾಗಿ ಚಪ್ಪಟೆ ನೆಲದಂತಾಗುತ್ತವೆ. ತುದಿಯಲ್ಲಿ ಬಾಚಣಿಗೆಯ ಹಲ್ಲುಗಳಂಥ ಫಲಕವೊಂದು ಮೆಟ್ಟಿಲಿನ ಗೀರುಗಳ ನಡುವೆ ಕುಳಿತು, ಪಾದರಕ್ಷೆಯನ್ನು ನವಿರಾಗಿ ಎತ್ತಿ ಗಟ್ಟಿನೆಲಕ್ಕೆ ಒಪ್ಪಿಸುತ್ತದೆ. ಅಲ್ಲಿಂದ ಮೆಟ್ಟಿಲು ನೆಲದೊಳಗೆ ಮುಳುಗಿ, ತಲೆಕೆಳಗಾಗಿ, ನಾವು ನಿಂತಿರುವ ಮೆಟ್ಟಿಲುಗಳ ಅಡಿಯಲ್ಲೇ ಹಿಂದಿರುಗುತ್ತದೆ. ನಾವು ಕಾಣುವುದು ಆ ಮಾಲೆಯ ಅರ್ಧಭಾಗವನ್ನು ಮಾತ್ರ. ಉಳಿದರ್ಧವು ಸರಪಳಿ, ಹಳಿ, ಗಾಲಿ, ಜಿಡ್ಡೆಣ್ಣೆಗಳ ಜೊತೆಗೆ ಕತ್ತಲೆಯಲ್ಲಿರುತ್ತದೆ.

ಅಂಗಡಿಗಳಲ್ಲಿ ಕಾಣುವ ಎಸ್ಕಲೇಟರಿಗೂ ರೈಲು ನಿಲ್ದಾಣದ್ದಕ್ಕೂ ಹೊರನೋಟಕ್ಕೆ ವ್ಯತ್ಯಾಸ ತೋರುವುದಿಲ್ಲ. ವ್ಯತ್ಯಾಸವಿರುವುದು ತಾಳಿಕೆಯಲ್ಲಿ. ಸಾರ್ವಜನಿಕ ಸಾರಿಗೆಯ ಯಂತ್ರಕ್ಕೆ ಐರೋಪ್ಯರು ಮಾಡಿಕೊಂಡ ಮಾನದಂಡದಲ್ಲಿ ವಾರಕ್ಕೆ ಸುಮಾರು 140 ಗಂಟೆಗಳ ದುಡಿಮೆಯ ಲೆಕ್ಕವಿದೆ. ಎಂದರೆ ದಿನಕ್ಕೆ ಇಪ್ಪತ್ತು ಗಂಟೆ, ವಾರದ ಏಳು ದಿನವೂ. ಅದರಲ್ಲಿಯೂ ಪ್ರತಿ ಮೂರು ಗಂಟೆಗಳ ಅವಧಿಯಲ್ಲಿ ಅರ್ಧ ಗಂಟೆಯಾದರೂ ಅದು ಪೂರ್ಣಭಾರವನ್ನು ಹೊತ್ತೀತೆಂದು ಎಣಿಸಿ ಅದನ್ನು ಕಟ್ಟಬೇಕು. ಆದ್ದರಿಂದ ಇದರ ಸರಪಳಿ ದಪ್ಪ, ಗಾಲಿ ದೊಡ್ಡದು, ಹತ್ತುವಲ್ಲಿ ಇಳಿಯುವಲ್ಲಿ ಮಟ್ಟವಾಗಿ ಸಾಗುವ ಮೆಟ್ಟಿಲುಗಳ ಸಂಖ್ಯೆ ಹೆಚ್ಚು. ಹಲವು ದಶಕಗಳ ಆಯುಷ್ಯವನ್ನು ಇದರಿಂದ ನಿರೀಕ್ಷಿಸುತ್ತಾರೆ. ಉಳಿದಿರುವ ನಾಲ್ಕು ಗಂಟೆಗಳ ರಾತ್ರಿಯಲ್ಲಿ ಇದನ್ನು ಬಿಚ್ಚಿ ನೋಡಿ, ಒರೆಸಿ, ಎಣ್ಣೆ ಹಾಕಿ, ಸವೆದದ್ದನ್ನು ಬದಲಿಸಿ, ಬೆಳಗಿನ ಮೊದಲ ರೈಲಿಗೆ ಮುಂಚೆ ಸಿದ್ಧಗೊಳಿಸಬೇಕು. ಹಗಲಿನ ದುಡಿಮೆ ಯಂತ್ರದ್ದು, ರಾತ್ರಿಯ ಕಾಯಕ ಮನುಷ್ಯನದು.

ಲಂಡನ್ನಿನವರಿಗೆ ಈ ಮೆಟ್ಟಿಲಿನ ಮೇಲೆ ಒಂದು ಶಿಸ್ತುಂಟು. ನಿಲ್ಲುವವರು ಬಲಕ್ಕೆ ನಿಲ್ಲುತ್ತಾರೆ, ಅವಸರದವರು ಎಡಗಡೆಯಿಂದ ನಡೆದೇರುತ್ತಾರೆ. ಈ ಕ್ರಮವನ್ನು ಕಂಡು ನಾನು ಮೆಚ್ಚಿದೆ. ಆದರೆ ಹೋಬರ್ನ್ ನಿಲ್ದಾಣದಲ್ಲಿ 2015ರ ಕೊನೆಯಲ್ಲಿಯೂ 2016ರಲ್ಲಿಯೂ ನಡೆದ ಒಂದು ಪ್ರಯೋಗದ ಸಂಗತಿ ತಿಳಿದಾಗ ಆಶ್ಚರ್ಯವಾಯಿತು. ಅಲ್ಲಿ ಎರಡೂ ಬದಿಗಳಲ್ಲಿ ಜನ ನಡೆಯದೆ ನಿಂತೇ ಹೋಗುವಂತೆ ಏರ್ಪಡಿಸಿದರು. ಉದ್ದವಾದ ಮೆಟ್ಟಿಲನ್ನು ನಡೆದೇರುವವರು ಕಡಿಮೆಯಾದ್ದರಿಂದ ಎಡಬದಿ ಬಹುಪಾಲು ಬರಿದಾಗಿರುತ್ತಿತ್ತು. ಇಬ್ಬದಿಯಲ್ಲೂ ನಿಂತಾಗ ಅದೇ ಯಂತ್ರ ಸುಮಾರು ಮೂರನೆಯ ಒಂದು ಭಾಗದಷ್ಟು ಹೆಚ್ಚು ಜನರನ್ನು ಸಾಗಿಸಿತು. ಆದರೂ ಪ್ರಯೋಗ ಮುಗಿದ ಬಳಿಕ ಹಳೆಯ ರೂಢಿಯೇ ಮರಳಿತು. ರೂಢಿ ಎಂಬುದು ಲೆಕ್ಕಕ್ಕೆ ಸುಲಭವಾಗಿ ಮಣಿಯುವುದಿಲ್ಲ. ಈ ಮಾತು ಅಲ್ಲಿ ನಿರಪಾಯಕರವಾದದ್ದು. ಅದೇ ಮಾರ್ಗದಲ್ಲಿ, ಇನ್ನೊಂದು ನಿಲ್ದಾಣದಲ್ಲಿ, ಇಂಥದೇ ಒಂದು ರೂಢಿ ಮೂವತ್ತೊಂದು ಜೀವಗಳನ್ನು ತೆಗೆದುಕೊಂಡಿತು.

ಆ ನಿಲ್ದಾಣ ಕಿಂಗ್ಸ್ ಕ್ರಾಸ್. ಏಂಜೆಲ್‌ನಿಂದ ಒಂದೇ ನಿಲುಗಡೆಯ ದೂರ. ಅಲ್ಲಿ ಗೋಡೆಗೆ ಹಾಕಿರುವ ಸ್ಮಾರಕಫಲಕವನ್ನು ಅವಸರದ ಜನ ಗಮನಿಸದೆ ದಾಟಿಹೋಗುತ್ತಾರೆ. ನಾನು ನಿಂತು ಓದಿದೆ.

1987ರ ನವೆಂಬರ್ 18, ಬುಧವಾರ, ಸಂಜೆ ಏಳೂವರೆಯ ಸುಮಾರು. ಪಿಕಾಡಿಲಿ ಮಾರ್ಗದಿಂದ ಮೇಲೆ ಬರುವ ಮೆಟ್ಟಿಲಿನ ಕೆಳಗೆ ಬೆಳಕು ಕಾಣುತ್ತಿದೆ ಎಂದು ಪ್ರಯಾಣಿಕರೊಬ್ಬರು ಸಿಬ್ಬಂದಿಗೆ ತಿಳಿಸಿದರು. ಆ ಮೆಟ್ಟಿಲು ಹಳೆಯ ಕಾಲದ್ದು; ಅದರ ಹಲಗೆಗಳೂ ಪಕ್ಕದ ಫಲಕಗಳೂ ಮರದವು. ಯಂತ್ರವನ್ನು ನಿಲ್ಲಿಸಲಾಯಿತು. ಅಗ್ನಿಶಾಮಕ ದಳದವರು ಬಂದು ನೋಡಿದಾಗ ಬೆಂಕಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆಯಷ್ಟಿತ್ತು. ಕೆಳಗಿದ್ದ ಪ್ರಯಾಣಿಕರನ್ನು ಪಕ್ಕದ ಇನ್ನೊಂದು ಮಾರ್ಗದ ಮೆಟ್ಟಿಲುಗಳ ಮೂಲಕ ಮೇಲಿನ ಟಿಕೆಟ್ಟು ಹಜಾರಕ್ಕೆ ಕಳುಹಿಸುತ್ತಿದ್ದರು. ಏಳೂಮುಕ್ಕಾಲಿಗೆ, ಯಾರೂ ಎಣಿಸದ ರೀತಿಯಲ್ಲಿ, ಜ್ವಾಲೆ ಒಮ್ಮೆಗೇ ಇಳಿಜಾರಿನುದ್ದಕ್ಕೂ ನುಗ್ಗಿ ಆ ಹಜಾರವನ್ನು ತುಂಬಿಬಿಟ್ಟಿತು. ಸುರಕ್ಷಿತವೆಂದು ಜನರನ್ನು ಕಳುಹಿಸುತ್ತಿದ್ದ ಸ್ಥಳವೇ ಮೃತ್ಯುವಿನ ಬಾಯಾಯಿತು. ಮಡಿದವರು 31 ಮಂದಿ. ಅವರಲ್ಲೊಬ್ಬರು ಅಗ್ನಿಶಾಮಕ ಅಧಿಕಾರಿ ಕಾಲಿನ್ ಟೌನ್ಸ್ಲಿ. ತೀವ್ರವಾಗಿ ಸುಟ್ಟುಹೋಗಿದ್ದ ಪ್ರಯಾಣಿಕರೊಬ್ಬರ ಪಕ್ಕದಲ್ಲಿ ಅವರ ದೇಹ ದೊರೆಯಿತು. ತಾವು ಪಾರಾಗುವ ಹಾದಿಯಲ್ಲಿ ಅವರಿಗೆ ನೆರವಾಗಲೆಂದು ನಿಂತಿದ್ದರೆಂದು ತಿಳಿಯಲಾಗಿದೆ. ಮಡಿದ ಇನ್ನೊಬ್ಬ ವೃದ್ಧರು ಯಾರೆಂಬುದು 2004ರವರೆಗೂ, ಎಂದರೆ ಹದಿನಾರು ವರ್ಷಗಳಿಗೂ ಹೆಚ್ಚು ಕಾಲ, ಗೊತ್ತಾಗಲೇ ಇಲ್ಲ. ಮಹಾನಗರದಲ್ಲಿ ಮನುಷ್ಯ ಹೀಗೂ ಇಲ್ಲವಾಗಬಲ್ಲ.

ಡೆಸ್ಮಂಡ್ ಫೆನೆಲ್ ಎಂಬ ನ್ಯಾಯವಾದಿಗಳ ನೇತೃತ್ವದಲ್ಲಿ ಸಾರ್ವಜನಿಕ ವಿಚಾರಣೆ ನಡೆದು, 1988ರಲ್ಲಿ ಅದರ ವರದಿ ಹೊರಬಂದಿತು. ಕಾರಣ ತೀರ ಸಣ್ಣದಾಗಿತ್ತು. ಯಾರೋ ಧೂಮಪಾನಿಯೊಬ್ಬ ಗೀರಿ ಎಸೆದ ಬೆಂಕಿಕಡ್ಡಿ ಮೆಟ್ಟಿಲಿಗೂ ಪಕ್ಕದ ಫಲಕಕ್ಕೂ ನಡುವಣ ಸಂದಿನಿಂದ ಕೆಳಗೆ ಬಿದ್ದಿತ್ತು. ನೆಲದಡಿಯ ನಿಲ್ದಾಣಗಳಲ್ಲಿ ಧೂಮಪಾನವನ್ನು ಅದಕ್ಕೆ ಎರಡು ವರ್ಷ ಮುಂಚೆಯೇ ನಿಷೇಧಿಸಲಾಗಿತ್ತು. ಆದರೆ ಹೊರಗೆ ಹೋಗುವವರು ಮೆಟ್ಟಿಲೇರುವಾಗಲೇ ಸಿಗರೇಟು ಹಚ್ಚಿಕೊಳ್ಳುವುದು ರೂಢಿಯಾಗಿತ್ತು. ಕಡ್ಡಿ ಬಿದ್ದ ಸ್ಥಳದಲ್ಲಿ ಏನಿತ್ತು? ಹಳಿಗಳಿಗೆ ಹಚ್ಚಿದ ಜಿಡ್ಡು. ಆ ಜಿಡ್ಡಿಗೆ ಅಂಟಿದ ಕಾಗದದ ಚೂರು, ಬಟ್ಟೆಯ ನವಿರುನೂಲು, ತಲೆಗೂದಲು, ಧೂಳು. ಅಷ್ಟು ವರ್ಷ ಬಂದುಹೋದ ಪ್ರಯಾಣಿಕರೇ ತಮಗೆ ತಿಳಿಯದಂತೆ ಒಂದೊಂದು ಎಳೆಯಾಗಿ ಬಿಟ್ಟುಹೋದ ಸೌದೆ ಅದು. ಆ ಯಂತ್ರವನ್ನು ಕಟ್ಟಿದಂದಿನಿಂದ ಅದರ ಅಡಿಭಾಗ ಒಮ್ಮೆಯೂ ಪೂರ್ಣವಾಗಿ ಶುಚಿಯಾಗಿರಲಿಲ್ಲವೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಬೆಂಕಿ ಬಿದ್ದಾಗ ನೀರು ಸಿಂಪಡಿಸುವ ಸಾಧನ ಅಲ್ಲಿಯೇ ಇತ್ತು. ಅದನ್ನು ಯಾರೂ ತೆರೆಯಲಿಲ್ಲ, ತೆರೆಯುವ ಶಿಕ್ಷಣ ಸಿಬ್ಬಂದಿಗೆ ಸಿಕ್ಕಿರಲಿಲ್ಲ.

ಸಣ್ಣ ಬೆಂಕಿ ಅಷ್ಟು ಬೇಗ ಹೇಗೆ ಹಬ್ಬಿತೆಂಬುದು ವಿಜ್ಞಾನಿಗಳಿಗೂ ಒಗಟಾಗಿತ್ತು. ಹಾರ್‌ವೆಲ್ ಪ್ರಯೋಗಾಲಯದ ಗಣಕಯಂತ್ರವು, ಜ್ವಾಲೆ ಮೇಲಕ್ಕೇಳದೆ ಇಳಿಜಾರಿನ ನೆಲಕ್ಕೆ ಅಂಟಿಕೊಂಡು ಹರಿದಿರಬೇಕೆಂದು ತೋರಿಸಿದಾಗ ಮೊದಲು ಅದನ್ನು ನಂಬಲು ಹಿಂಜರಿದರು. ಆದರೆ ಮಾದರಿ ಮೆಟ್ಟಿಲನ್ನು ಕಟ್ಟಿ ಸುಟ್ಟು ನೋಡಿದಾಗ ಅದೇ ಆಯಿತು. ಎರಡು ಪಕ್ಕಗಳ ಗೋಡೆಗಳ ನಡುವೆ 30 ಡಿಗ್ರಿ ಓರೆಯಲ್ಲಿರುವ ಮೆಟ್ಟಿಲು ಒಂದು ಕಾಲುವೆಯಂತಾಗಿ, ಅದರಲ್ಲಿ ಬೆಂಕಿ ನೀರಿನಂತೆ, ಆದರೆ ಕೆಳಗಿನಿಂದ ಮೇಲಕ್ಕೆ, ಹರಿದಿತ್ತು. ಮುಂದಿರುವ ಮರವನ್ನು ಕಾಯಿಸಿಕೊಳ್ಳುತ್ತ ತನ್ನ ದಾರಿಯನ್ನು ತಾನೇ ಸಿದ್ಧಮಾಡಿಕೊಂಡಿತ್ತು. ಜನರನ್ನು ನಿರಾಯಾಸವಾಗಿ ಮೇಲೇರಿಸಲು ಮಾಡಿದ ಓರೆಯೇ ಉರಿಯನ್ನೂ ಮೇಲೇರಿಸಿತು.

ಈ ವರದಿಯ ಸಂಗತಿಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸಿದ್ದು ಒಂದು ಶಬ್ದ. ಶಬ್ದಗಳೊಡನೆಯೇ ಬದುಕನ್ನು ಕಳೆದ ನನಗೆ ಅದು ಸಹಜವೂ ಹೌದು. ಚಲಿಸುವ ಮೆಟ್ಟಿಲುಗಳಲ್ಲಿ ಬೆಂಕಿ ಕಾಣಿಸಿಕೊಂಡದ್ದು ಅದೇ ಮೊದಲಲ್ಲ. ಅದಕ್ಕೆ ಹಿಂದಿನ ಮೂರು ದಶಕಗಳಲ್ಲಿ ನೂರಾರು ಸಲ ಅಲ್ಲಲ್ಲಿ ಕಿಡಿ ಹೊತ್ತಿ ಆರಿಹೋಗಿತ್ತು. ಅಲ್ಲಿನ ಆಡಳಿತವು ಅವನ್ನು ‘ಬೆಂಕಿ’ ಎಂದು ಕರೆಯುತ್ತಿರಲಿಲ್ಲ, ‘ಹೊಗೆಯಾಟ’ ಎಂಬರ್ಥದ ಮೃದುವಾದ ಇಂಗ್ಲಿಷ್ ಪದದಿಂದ ಗುರುತಿಸುತ್ತಿತ್ತು. ಪ್ರಯಾಣಿಕರು ಗಾಬರಿಪಡದಿರಲೆಂಬುದು ಉದ್ದೇಶವಿರಬಹುದು. ಆದರೆ ಪದವು ಪ್ರಯಾಣಿಕರಿಗಿಂತ ಮೊದಲು ಆಡಳಿತದವರನ್ನೇ ಸಮಾಧಾನಪಡಿಸಿತು. ಬೆಂಕಿಯೆಂದರೆ ಓಡಬೇಕು, ನೀರು ತರಬೇಕು. ಹೊಗೆಯಾಟವೆಂದರೆ ಯಾರಾದರೊಬ್ಬರು ಹೋಗಿ ನೋಡಿಬಂದರೆ ಸಾಕು. ಹೆಸರನ್ನು ತಗ್ಗಿಸಿದ ಮಾತ್ರಕ್ಕೆ ವಸ್ತುವಿನ ಗುಣ ತಗ್ಗುವುದಿಲ್ಲ. ನಮ್ಮ ಮನೆಗಳಲ್ಲಿಯೂ ನಾವು ಇದನ್ನು ಮಾಡುವುದಿಲ್ಲವೆ? ಮಗ ಕುಡಿತಕ್ಕೆ ಬಿದ್ದರೆ ‘ಸ್ನೇಹಿತರ ಜೊತೆ ಸ್ವಲ್ಪ’ ಎನ್ನುತ್ತೇವೆ, ಅಣ್ಣತಮ್ಮಂದಿರ ನಡುವಣ ವೈಮನಸ್ಯಕ್ಕೆ ‘ಮಾತು ಕಡಿಮೆ’ ಎನ್ನುತ್ತೇವೆ, ಎದೆನೋವಿಗೆ ‘ವಾಯು’ ಎನ್ನುತ್ತೇವೆ. ಅದಕ್ಕೆ ತಕ್ಕ ಹೆಸರಿಡುವ ಹೊತ್ತಿಗೆ ಕಾಲ ಮೀರಿರುತ್ತದೆ.

ಆ ದುರಂತದ ನಂತರ ಅಲ್ಲಿ ಬಹಳ ಬದಲಾವಣೆಗಳಾದವು. ವರದಿಯಲ್ಲಿ 157 ಶಿಫಾರಸುಗಳಿದ್ದವು. 1989ರಲ್ಲಿ ನೆಲದಡಿಯ ನಿಲ್ದಾಣಗಳಿಗೆಂದೇ ಅಗ್ನಿಸುರಕ್ಷೆಯ ನಿಯಮಗಳು ಬಂದವು. ಮರದ ಮೆಟ್ಟಿಲುಗಳನ್ನು ಒಂದೊಂದಾಗಿ ತೆಗೆದು ಲೋಹದವನ್ನು ಹಾಕಿದರು. ಗ್ರೀನ್‌ಫರ್ಡ್ ಎಂಬಲ್ಲಿ ನೆಲದ ಮೇಲಿನ ನಿಲ್ದಾಣದಲ್ಲಿ ಉಳಿದಿದ್ದ ಕಟ್ಟಕಡೆಯ ಮರದ ಮೆಟ್ಟಿಲು 2014ರಲ್ಲಿ ನಿವೃತ್ತಿಹೊಂದಿತು. ಅದರ ಜಾಗದಲ್ಲಿ ಮರುವರ್ಷ ಓರೆಯಾಗಿ ಏರುವ ಲಿಫ್ಟು ಬಂದು, ಗಾಲಿಕುರ್ಚಿಯವರಿಗೂ ಎಳೆಗೂಸುಗಳ ತಾಯಂದಿರಿಗೂ ಅನುಕೂಲವಾಯಿತು. ಒಂದು ಸಂಜೆ ನಿಲ್ದಾಣವೊಂದರಲ್ಲಿ ಮೂರು ಮೆಟ್ಟಿಲುಸಾಲುಗಳಲ್ಲಿ ಒಂದಕ್ಕೆ ತಡೆಗಟ್ಟೆ ಇಟ್ಟು, ಮೆಟ್ಟಿಲುಗಳನ್ನು ಕಳಚಿ, ಕೆಲಸಗಾರರು ಒಳಗಿಳಿದಿದ್ದುದನ್ನು ಕಂಡೆ. ಪಕ್ಕದ ಸಾಲಿನಲ್ಲಿ ಜನ ಬೇಸರದಿಂದ ಗೊಣಗುತ್ತ ಏರುತ್ತಿದ್ದರು. ಒಳಗಿದ್ದವನೊಬ್ಬ ದೀಪ ಹಿಡಿದು ಬಗ್ಗಿ ಹಳಿಯನ್ನು ಒರೆಸುತ್ತಿದ್ದ. ಅವನ ಮುಖ ಕಾಣಲಿಲ್ಲ. ಬೆನ್ನು ಮಾತ್ರ ಕಂಡಿತು. ಮೊದಲ ದಿನ ನನ್ನ ಮನಸ್ಸಿನಲ್ಲೆದ್ದ ಪ್ರಶ್ನೆಗೆ ಉತ್ತರ ದೊರೆಯಿತೆಂದುಕೊಂಡೆ. ಮೆಟ್ಟಿಲ ಕೆಳಗಿರುವುದು ಸರಪಳಿ ಮಾತ್ರವಲ್ಲ, ಈ ಬಗ್ಗಿದ ಬೆನ್ನೂ ಇದೆ.

ಊರಿಗೆ ಮರಳುವಾಗ ಬೆಂಗಳೂರಿನಲ್ಲಿ ಇಳಿದು, ಮೆಜೆಸ್ಟಿಕ್ಕಿನ ನಾಡಪ್ರಭು ಕೆಂಪೇಗೌಡ ಮೆಟ್ರೊ ನಿಲ್ದಾಣದಲ್ಲಿ ರೈಲು ಬದಲಿಸಿದೆವು. 2011ರ ಅಕ್ಟೋಬರಿನಲ್ಲಿ ಮೆಟ್ರೊ ಆರಂಭವಾದಾಗ ಚಲಿಸುವ ಮೆಟ್ಟಿಲು ನಮ್ಮ ನಾಡಿನ ಬಹುಜನರಿಗೆ ಹೊಸದಾಗಿತ್ತು. ಈಗ ಎರಡು ಮಾರ್ಗಗಳು ನೆಲದಡಿಯಲ್ಲಿ ಕೂಡುವ ಈ ನಿಲ್ದಾಣದಲ್ಲಿ ಹಳ್ಳಿಯಿಂದ ಬಂದ ತಾಯಂದಿರು, ಗಂಟು ಹೊತ್ತವರು, ಶಾಲೆಯ ಮಕ್ಕಳು ಒಟ್ಟೊಟ್ಟಿಗೆ ಅದನ್ನು ಏರುತ್ತಾರೆ. ಮೆಟ್ಟಿಲಿನ ಎರಡೂ ಅಂಚಿನಲ್ಲಿ ಬಿರುಗೂದಲಿನ ಕುಂಚದ ಸಾಲನ್ನು ಓದುಗರು ನೋಡಿರಬಹುದು. ಪಾದರಕ್ಷೆಯ ಧೂಳನ್ನು ಒರೆಸಿಕೊಳ್ಳಲು ಇಟ್ಟದ್ದೆಂದು ಕೆಲವರು ಭಾವಿಸುತ್ತಾರೆ. ಅದು ಹಾಗಲ್ಲ. ಆ ಸಂದಿನ ಬಳಿಗೆ ಸೀರೆಯ ಅಂಚು, ಪಂಚೆಯ ತುದಿ, ಮಗುವಿನ ಬೆರಳು ಹೋಗದಂತೆ ಎಚ್ಚರಿಸಲು ಇಟ್ಟ ಕಾವಲು. ನಮ್ಮಲ್ಲಿ ಅದನ್ನು ಸೀರೆಯ ಕಾವಲೆಂದೇ ಕರೆಯುವುದುಂಟು. ಲಂಡನ್ನಿನಲ್ಲಿ ಬೆಂಕಿಕಡ್ಡಿ ಬಿದ್ದದ್ದೂ ಅಂಥದೇ ಸಂದಿನಿಂದ.

ಆದ್ದರಿಂದ ಮನೆಯವರಿಗೆ ಕೆಲವು ಮಾತುಗಳನ್ನು ಹೇಳುವುದು ಉಚಿತ. ಸೆರಗು, ನಿರಿಗೆ, ಪಂಚೆಗಳನ್ನು ಎತ್ತಿ ಹಿಡಿಯಬೇಕು. ಅಂಚಿನಿಂದ ದೂರ, ಮೆಟ್ಟಿಲಿನ ನಡುವೆ ಪಾದವಿಡಬೇಕು. ಒಂದು ಕೈ ಸದಾ ಹಿಡಿಪಟ್ಟಿಯ ಮೇಲಿರಬೇಕು, ಇನ್ನೊಂದು ಕೈಯಲ್ಲಿ ಮಗುವಿನ ಕೈ ಇರಬೇಕು. ಮಕ್ಕಳನ್ನು ಅದರ ಮೇಲೆ ಕುಳಿತುಕೊಳ್ಳಲು ಬಿಡಬಾರದು. ಇಳಿದೊಡನೆ ಅಲ್ಲಿಯೇ ನಿಂತು ದಾರಿ ಹುಡುಕಬಾರದು. ಹಿಂದಿನವರಿಗೆ ನಿಲ್ಲುವ ಸ್ವಾತಂತ್ರ್ಯವಿಲ್ಲ, ಮೆಟ್ಟಿಲು ಅವರನ್ನು ತಳ್ಳುತ್ತಲೇ ಇರುತ್ತದೆ. ಮೇಲೂ ಕೆಳಗೂ ಕೆಂಪು ಗುಂಡಿಯೊಂದಿರುತ್ತದೆ; ಯಾರಾದರೂ ಬಿದ್ದರೆ, ಬಟ್ಟೆ ಸಿಕ್ಕಿದರೆ, ಅದನ್ನೊತ್ತಿ ಯಂತ್ರವನ್ನು ನಿಲ್ಲಿಸಬಹುದು. ಮೊಣಕಾಲು ಹಿಡಿದವರಿಗೆ, ಭಯಪಡುವವರಿಗೆ ಲಿಫ್ಟು ಇದೆ. ಅದನ್ನು ಬಳಸುವುದರಲ್ಲಿ ನಾಚಿಕೆಯೇನೂ ಇಲ್ಲ. ದುರಸ್ತಿಗೆಂದು ನಿಂತ ಮೆಟ್ಟಿಲನ್ನು ಕಂಡಾಗ ಬೈಯುವುದಕ್ಕಿಂತ ಮುಂಚೆ ಒಂದು ಕ್ಷಣ ಯೋಚಿಸುವುದೂ ಒಳ್ಳೆಯದು.

ನಾನು ಬಾಲಕನಾಗಿ ಮಠದಲ್ಲಿ ಓದುತ್ತಿದ್ದಾಗ, ಬೆಳಗಿನ ಝಾವ ಅಂಗಳವನ್ನೂ ದಾಸೋಹದ ಮನೆಯನ್ನೂ ಗುಡಿಸುವ ಕೆಲಸ ವಿದ್ಯಾರ್ಥಿಗಳಾದ ನಮ್ಮದಾಗಿತ್ತು. ಅಡುಗೆಯ ಮೇಲ್ವಿಚಾರಣೆಯ ಹಿರಿಯರೊಬ್ಬರು ಪರೀಕ್ಷೆಗೆ ಬರುತ್ತಿದ್ದರು. ನಾವು ಥಳಥಳಿಸುವಂತೆ ಮಾಡಿದ್ದ ಅಂಗಳದ ಕಡೆಗೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನೆಟ್ಟಗೆ ಒಳಗೆ ಹೋಗಿ, ಕಷ್ಟಪಟ್ಟು ಬಗ್ಗಿ, ಧಾನ್ಯದ ಕಣಜದ ಕೆಳಗೆ ಕೈಹಾಕಿ, ಹೊರತೆಗೆದ ಬೆರಳನ್ನು ನಮಗೆ ತೋರಿಸುತ್ತಿದ್ದರು. ಮಾತು ಆಡುತ್ತಿರಲಿಲ್ಲ. ಆಗ ಅದು ನಮಗೆ ಕಿರುಕುಳವೆಂದು ತೋರುತ್ತಿತ್ತು. ಕಿಂಗ್ಸ್ ಕ್ರಾಸಿನ ಆ ಫಲಕದ ಮುಂದೆ ನಿಂತಾಗ ನನಗೆ ನೆನಪಾದದ್ದು ಆ ಬೆರಳು. ಐವತ್ತು ವರ್ಷಗಳ ಮೇಲೆ ಅದರ ಅರ್ಥವಾಯಿತು.